ಎಲೆಗೆ ಹೊಡೆದದ್ದು ಮಣ್ಣಿಗೆ ಬಿದ್ದಾಗ: ಪ್ರತಿಜೈವಿಕ ಸಿಂಪರಣೆಯ ಸಲಹೆಗಳ ಒಂದು ವಿಮರ್ಶೆ

ಹೂವಿನಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಂಡೆಯ ಹಳೆಯ ಊರು. ಚಾಲುಕ್ಯರ ಕಾಲದ ದೇವಾಲಯದಿಂದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಅದು ಪರಿಚಿತ. ಕೃಷಿ ವಿಜ್ಞಾನದ ವಿದ್ಯಾರ್ಥಿಗೆ ಈ ಸೀಮೆ ಬೇರೊಂದು ಕಾರಣಕ್ಕೆ ಮುಖ್ಯ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಎರೆ ಮತ್ತು ಮಸಾರಿ ಎರಡೂ ಬಗೆಯ ಭೂಮಿಯಿದೆ. ನದಿಯ ಬದಿಗೆ ಭತ್ತ, ಹಡಗಲಿಯ ಸುತ್ತ ಮಲ್ಲಿಗೆ, ಮಳೆಯಾಶ್ರಯದ ಹೊಲಗಳಲ್ಲಿ ಮೆಕ್ಕೆಜೋಳ ಮತ್ತು ಶೇಂಗಾ, ಹನಿ ನೀರಾವರಿ ಇದ್ದಲ್ಲಿ ದಾಳಿಂಬೆ ಬೆಳೆಯುತ್ತಾರೆ. ಮಣ್ಣಿಗೆ ಸೇರಿದ ಒಂದು ರಾಸಾಯನಿಕ ಎಲ್ಲ ಕಡೆಯೂ ಒಂದೇ ರೀತಿ ವರ್ತಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇಂಥ ಜಾಗ ಅನುಕೂಲ.

ಇಲ್ಲಿ ನಾವು ವಿಚಾರ ಮಾಡಲಿರುವುದು ಪ್ರತಿಜೈವಿಕಗಳನ್ನು, ಅಂದರೆ ಆಂಟಿಬಯಾಟಿಕ್‌ಗಳನ್ನು ಕುರಿತು. ಮನುಷ್ಯನ ರೋಗಕ್ಕೆಂದು ಸಿದ್ಧವಾದ ಈ ಔಷಧಿಗಳು ಎರಡು ದಾರಿಗಳಿಂದ ಹೊಲಕ್ಕೆ ಬರುತ್ತವೆ. ಬೆಳೆಗೆ ನೇರವಾಗಿ ಸಿಂಪಡಿಸುವುದು ಒಂದು ದಾರಿ. ಔಷಧಿ ತಿಂದ ಕೋಳಿ, ದನ, ಹಂದಿಗಳ ಗೊಬ್ಬರ ಇನ್ನೊಂದು. ಈ ಎರಡೂ ದಾರಿಗಳ ಬಗ್ಗೆ ರೈತನ ಕೈಗೆ ತಲುಪುವ ಬರಹಗಳು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೊಟ್ಟಣದ ಹಿಂದಿನ ಕತೆ

ಕೃಷಿ ಔಷಧಿ ಅಂಗಡಿಗಳಲ್ಲಿ ‘ಸ್ಟ್ರೆಪ್ಟೊಸೈಕ್ಲಿನ್’ ಎಂಬ ಹೆಸರು ಎಷ್ಟು ಬಳಕೆಯಲ್ಲಿದೆಯೆಂದರೆ, ಸಸ್ಯಗಳ ದುಂಡಾಣು ರೋಗಕ್ಕೆ ಅದೇ ಮದ್ದು ಎಂಬಷ್ಟು. ಆರು ಗ್ರಾಂ ಪುಡಿಯ ಸಣ್ಣ ಪೊಟ್ಟಣ. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು. ಈ ಹೆಸರಿನ ಮಿಶ್ರಣವನ್ನು ತಯಾರಿಸಿದ್ದು ಪುಣೆ ಬಳಿಯ ಪಿಂಪ್ರಿಯಲ್ಲಿರುವ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರು ಹ್ಯಾಮೈಸಿನ್, ಆರಿಯೋಫಂಗಿನ್ ಮೊದಲಾದವನ್ನು ಬೆಳಕಿಗೆ ತಂದದ್ದು ಇದೇ ಸಂಸ್ಥೆಯಲ್ಲಿ. ಔಷಧಿ ಮತ್ತು ಕೃಷಿ ಎರಡಕ್ಕೂ ಸ್ವದೇಶಿ ಪ್ರತಿಜೈವಿಕ ಬೇಕೆಂಬ ಆ ಕಾಲದ ಹಂಬಲವನ್ನು ಇಂದು ಹಗುರವಾಗಿ ಕಾಣಬಾರದು.

ಈ ಎರಡೂ ಔಷಧಿಗಳು ಹುಟ್ಟಿದ್ದು ಮಣ್ಣಿನಲ್ಲೇ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ ಅವರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಪ್ರತಿಜೈವಿಕ ಅದು. ಟೆಟ್ರಾಸೈಕ್ಲಿನ್ ಬಳಗದ ಮೊದಲನೆಯದನ್ನು 1945ರಲ್ಲಿ ಮಿಸ್ಸೌರಿಯ ಹುಲ್ಲಿನ ಹೊಲವೊಂದರ ಮಣ್ಣಿನಿಂದ ಗುರುತಿಸಿದವರು ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಅವರು ಕೆಲಸ ಮಾಡುತ್ತಿದ್ದ ಲೆಡರ್ಲೆ ಸಂಸ್ಥೆಯ ಸಂಶೋಧನಾ ನಿರ್ದೇಶಕರು ನಮ್ಮವರೇ ಆದ ಯೆಲ್ಲಾಪ್ರಗಡ ಸುಬ್ಬರಾವ್.

ಇದನ್ನೇ ಹಿಡಿದು ‘ಮಣ್ಣಿನಿಂದ ಬಂದದ್ದು ಮಣ್ಣಿಗೆ ಹೋದರೆ ತಪ್ಪೇನು’ ಎಂದು ವಾದಿಸುವವರಿದ್ದಾರೆ. ವಾದ ಕೇಳಲು ಚೆನ್ನಾಗಿದೆ, ಆದರೆ ಪ್ರಮಾಣವನ್ನು ಮರೆಯುತ್ತದೆ. ಮಣ್ಣಿನ ಸೂಕ್ಷ್ಮಜೀವಿ ತನ್ನ ಸುತ್ತಲಿನ ಕೂದಲೆಳೆಯಷ್ಟು ಜಾಗದಲ್ಲಿ ಅತ್ಯಲ್ಪ ಪ್ರಮಾಣದ ಪ್ರತಿಜೈವಿಕವನ್ನು ಬಿಡುತ್ತದೆ. ನಾವು ಹೊಲದ ಉದ್ದಗಲಕ್ಕೂ ಒಂದೇ ಸಮನೆ, ಹತ್ತು ಹದಿನೈದು ದಿನಗಳಿಗೊಮ್ಮೆ ಸುರಿಯುತ್ತೇವೆ. ಎರಡೂ ಒಂದೇ ಅಲ್ಲ.

ಎಂಟು ಬೆಳೆಗಳ ಪಟ್ಟಿ

ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿ ಈ ಮಿಶ್ರಣಕ್ಕೆ ಒಪ್ಪಿಗೆ ಕೊಟ್ಟದ್ದು ಎಂಟು ಬೆಳೆಗಳಿಗೆ: ಸೇಬು, ಹುರುಳಿಕಾಯಿ, ನಿಂಬೆ ಜಾತಿ, ಆಲೂಗಡ್ಡೆ, ಭತ್ತ, ಚಹಾ, ಹೊಗೆಸೊಪ್ಪು, ಟೊಮ್ಯಾಟೊ. ಪಟ್ಟಿಯಲ್ಲಿ ದಾಳಿಂಬೆ ಇಲ್ಲ. ಮಲ್ಲಿಗೆ, ಈರುಳ್ಳಿ, ಮೆಣಸಿನಕಾಯಿಯೂ ಇಲ್ಲ.

ಆದರೆ ವಾಸ್ತವವೇನು? 2000ದ ನಂತರದ ವರ್ಷಗಳಲ್ಲಿ ಬಳ್ಳಾರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದಾಳಿಂಬೆ ತೋಟಗಳಿಗೆ ದುಂಡಾಣು ಅಂಗಮಾರಿ ಬಂತು. ರೋಗಕಾರಕ ಜಾಂತೋಮೊನಾಸ್ ಎಂಬ ಬ್ಯಾಕ್ಟೀರಿಯ. ಎಲೆಯ ಮೇಲೆ ಎಣ್ಣೆ ಸವರಿದಂಥ ಚುಕ್ಕೆ, ರೆಂಬೆಯ ಮೇಲೆ ಬಿರುಕು, ಕೊನೆಗೆ ಕಾಯಿ ಸೀಳಿ ಮಾರುಕಟ್ಟೆಗೆ ಬಾರದಂತಾಗುವುದು. ಸಾಲ ಮಾಡಿ ತೋಟ ಕಟ್ಟಿದವರು ಗಿಡ ಕಿತ್ತು ಹಾಕಿದರು. ಆಗ ಸಲಹಾ ಪತ್ರಿಕೆಗಳು ಕೊಟ್ಟ ಸೂತ್ರ ಸರಳ: ಲೀಟರ್ ನೀರಿಗೆ ಅರ್ಧ ಗ್ರಾಂ ಸ್ಟ್ರೆಪ್ಟೊಸೈಕ್ಲಿನ್, ಜೊತೆಗೆ ಎರಡರಿಂದ ಎರಡೂವರೆ ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್. ದಾಳಿಂಬೆಗೆ ಸಂಬಂಧಿಸಿದ ಸಂಶೋಧನಾ ಕೇಂದ್ರದ ಸಿಂಪರಣಾ ವೇಳಾಪಟ್ಟಿಗಳಲ್ಲೂ ಇದು ಇತ್ತು.

ಇಲ್ಲಿ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಒಪ್ಪಿಗೆ ಕೊಡುವ ಸಮಿತಿಯ ಪಟ್ಟಿಯಲ್ಲಿ ಇಲ್ಲದ ಬೆಳೆಗೆ ಸಲಹೆ ಕೊಡುವ ಸಂಸ್ಥೆಗಳ ಪಟ್ಟಿಯಲ್ಲಿ ಅದೇ ಔಷಧಿ ಇತ್ತು. ನೋಂದಣಿಯೆಂದರೆ ಬರಿಯ ಕಾಗದದ ವ್ಯವಹಾರವಲ್ಲ. ಆ ಬೆಳೆಯಲ್ಲಿ ಎಷ್ಟು ಸಲ ಹೊಡೆಯಬಹುದು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಹಣ್ಣಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಪರೀಕ್ಷೆಗಳು ಅದರ ಹಿಂದೆ ಇರಬೇಕು. ನೋಂದಣಿ ಇಲ್ಲದೆ ಬಳಕೆ ಬಂದಾಗ ಈ ಎಲ್ಲ ಪ್ರಶ್ನೆಗಳೂ ಅಂಗಡಿಯವನ ಮತ್ತು ರೈತನ ಅಂದಾಜಿಗೆ ಬಿಟ್ಟುಹೋಗುತ್ತವೆ. ಇದರಲ್ಲಿ ರೈತನ ತಪ್ಪು ಹುಡುಕುವುದು ಸರಿಯಲ್ಲ. ಅವನಿಗೆ ಸಿಕ್ಕ ಸಲಹೆಯನ್ನು ಅವನು ಪಾಲಿಸಿದ.

ಒಂದು ಲೆಕ್ಕ

ಸಲಹಾ ಪತ್ರಿಕೆಗಳು ‘ಎಲೆಗೆ ಸಿಂಪಡಿಸಿ’ ಎನ್ನುತ್ತವೆ. ಮಣ್ಣಿನ ಮಾತೇ ಅವುಗಳಲ್ಲಿ ಬರುವುದಿಲ್ಲ. ಎಲೆಗೆ ಹೊಡೆದದ್ದು ಮಣ್ಣಿಗೆ ಎಷ್ಟು ಬೀಳಬಹುದು? ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಎಕರೆಗೆ 400 ಲೀಟರ್ ದ್ರಾವಣ, ಲೀಟರಿಗೆ ಅರ್ಧ ಗ್ರಾಂ, ಒಂದು ಬೆಳೆಗೆ 10 ಸಿಂಪರಣೆ. ಒಟ್ಟು 2 ಕಿಲೊ. ಅರ್ಧದಷ್ಟು ನೇರವಾಗಿಯೋ, ಮಳೆಯಲ್ಲಿ ತೊಳೆದೋ, ಉದುರಿದ ಎಲೆಯ ಜೊತೆಗೋ ನೆಲಕ್ಕೆ ಸೇರಿತೆಂದರೆ 1 ಕಿಲೊ.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ಗಾತ್ರ ಸುಮಾರು 600 ಘನಮೀಟರ್, ತೂಕ ಸುಮಾರು 850 ಟನ್. ಹಾಗಾದರೆ ಕಿಲೊ ಮಣ್ಣಿಗೆ 1.2 ಮಿಲಿಗ್ರಾಂ ಪ್ರತಿಜೈವಿಕ. ಅದು ಮೇಲಿನ 5 ಸೆಂಟಿಮೀಟರ್‌ನಲ್ಲೇ ಉಳಿದರೆ ಇದರ ಮೂರು ಪಟ್ಟು. ಇದು ಗರಿಷ್ಠ ಅಂದಾಜು. ಬಿಸಿಲು, ನೀರು, ಸೂಕ್ಷ್ಮಜೀವಿಗಳು ಇದನ್ನು ದಿನದಿನಕ್ಕೂ ಒಡೆಯುತ್ತಿರುತ್ತವೆ. ಹೋಲಿಕೆಗೆ ಒಂದು ಮಾತು: 2002ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ದ್ರವ ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಟೆಟ್ರಾಸೈಕ್ಲಿನ್ ಕಿಲೊಗೆ ಸುಮಾರು 0.2 ಮಿಲಿಗ್ರಾಂವರೆಗೆ ಕಂಡುಬಂತು. ನಮ್ಮ ಲೆಕ್ಕದ 1.2 ಮಿಲಿಗ್ರಾಂನಲ್ಲಿ ಟೆಟ್ರಾಸೈಕ್ಲಿನ್‌ನ ಪಾಲು ಹತ್ತನೆಯ ಒಂದು, ಅಂದರೆ 0.12 ಮಿಲಿಗ್ರಾಂ. ಪಶುಸಾಕಣೆಯ ಗೊಬ್ಬರದಿಂದ ಜರ್ಮನಿಯ ಹೊಲಕ್ಕೆ ಬಂದದ್ದರ ಸರಿಸುಮಾರು ಮಟ್ಟಕ್ಕೆ, ಬರಿಯ ಸಿಂಪರಣೆಯಿಂದಲೇ ನಮ್ಮ ತೋಟವೂ ತಲುಪಬಹುದು. ಇಷ್ಟಾದ ಮೇಲೆ ಮಣ್ಣಿನ ವಿಚಾರವನ್ನು ಬದಿಗಿಡಲಾಗದು.

ಗಿಡಕ್ಕೆ ಏನಾಗುತ್ತದೆ?

ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧಿ ಗಿಡಕ್ಕೇಕೆ ತೊಂದರೆ ಮಾಡಬೇಕು? ಉತ್ತರ ಸಸ್ಯಕೋಶದ ರಚನೆಯಲ್ಲಿದೆ. ಹಸಿರು ಎಲೆಗೆ ಆ ಬಣ್ಣ ಕೊಡುವ ಪತ್ರಹರಿತು ಕಣಗಳು ಬಹಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವು ಎಂಬುದು ಈಗ ಒಪ್ಪಿತ ವಿಚಾರ. ಅವುಗಳಲ್ಲಿ ಪ್ರೋಟೀನ್ ತಯಾರಿಸುವ ರೈಬೊಸೋಮ್‌ಗಳು ಇಂದಿಗೂ ಬ್ಯಾಕ್ಟೀರಿಯದ ಮಾದರಿಯವೇ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ದಾಳಿ ಮಾಡುವುದು ಈ ರೈಬೊಸೋಮ್‌ಗಳ ಮೇಲೆ. ಹೆಚ್ಚು ಸ್ಟ್ರೆಪ್ಟೊಮೈಸಿನ್ ಇರುವ ಮಾಧ್ಯಮದಲ್ಲಿ ಮೊಳೆತ ಸಸಿ ಬಿಳಿಚಿಕೊಳ್ಳುವುದು ಇದರಿಂದಲೇ. ಸಲ್ಫ ಔಷಧಿಗಳು ಫೋಲಿಕ್ ಆಮ್ಲದ ತಯಾರಿಕೆಯನ್ನು ತಡೆಯುತ್ತವೆ. ಆ ತಯಾರಿಕೆ ಸಸ್ಯಗಳಲ್ಲೂ ಇದೆ. ‘ಅಸುಲಾಮ್’ ಎಂಬ ಕಳೆನಾಶಕ ಕೆಲಸ ಮಾಡುವುದು ಇದೇ ಕಿಣ್ವವನ್ನು ಕಟ್ಟಿಹಾಕಿ ಎಂದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ.

ಹೊರದೇಶಗಳ ಪ್ರಯೋಗಗಳು ಇದನ್ನು ಸಮರ್ಥಿಸುತ್ತವೆ. 1980ರ ದಶಕದ ಮೊದಲಲ್ಲಿ ಅಮೆರಿಕದ ಬ್ಯಾಚೆಲ್ಡರ್ ಅವರು ಟೆಟ್ರಾಸೈಕ್ಲಿನ್ ಬಳಗದ ಎರಡು ಔಷಧಿಗಳನ್ನು ಮಣ್ಣಿಗೆ ಬೆರೆಸಿ ಹುರುಳಿ ಜಾತಿಯ ಗಿಡ ಬೆಳೆಸಿದಾಗ ಮರಳು ಮಿಶ್ರಿತ ಮಣ್ಣಿನಲ್ಲಿ ಬೆಳವಣಿಗೆ ಕುಂಠಿತವಾಯಿತು, ಜೇಡಿ ಮಣ್ಣಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 1995ರಲ್ಲಿ ಇಟಲಿಯ ಮಿಲ್ಯೋರೆ ಮತ್ತು ಸಂಗಡಿಗರು ಬರಗು, ಬಟಾಣಿ, ಮೆಕ್ಕೆಜೋಳಗಳ ಮೇಲೆ ಸಲ್ಫ ಔಷಧಿಯ ದುಷ್ಪರಿಣಾಮವನ್ನು ತೋರಿಸಿದರು. 2005ರಲ್ಲಿ ಮಿನ್ನೆಸೋಟದ ಕುಲದೀಪ್ ಕುಮಾರ್, ಸತೀಶ್ ಗುಪ್ತ ಮೊದಲಾದವರು ಗೊಬ್ಬರದ ಮೂಲಕ ಬಂದ ಕ್ಲೋರ್‌ಟೆಟ್ರಾಸೈಕ್ಲಿನ್ ಅನ್ನು ಮೆಕ್ಕೆಜೋಳ, ಈರುಳ್ಳಿ ಸೊಪ್ಪು, ಎಲೆಕೋಸು ಹೀರಿಕೊಳ್ಳುತ್ತವೆ, ಟೈಲೋಸಿನ್ ಅನ್ನು ಹೀರಿಕೊಳ್ಳುವುದಿಲ್ಲ ಎಂದು ಕಂಡರು. ಹೀರಿದ ಪ್ರಮಾಣ ಗ್ರಾಂ ಸೊಪ್ಪಿಗೆ ಕೆಲವೇ ನ್ಯಾನೊಗ್ರಾಂ.

ಈ ಸಾಹಿತ್ಯವನ್ನೂ ವಿಮರ್ಶೆಯ ಕಣ್ಣಿನಿಂದ ಓದಬೇಕು. ಮಿಲ್ಯೋರೆ ಅವರ ಪ್ರಯೋಗದಲ್ಲಿ ಮಾಧ್ಯಮದ ಲೀಟರಿಗೆ 300 ಮಿಲಿಗ್ರಾಂ ಔಷಧಿ ಇತ್ತು. ಹೊಲದ ಮಟ್ಟದ ನೂರಾರು ಪಟ್ಟು ಅದು. ನೀರಿನಲ್ಲೋ ಅಗರ್‌ನಲ್ಲೋ ಬೆಳೆಸಿದ ಸಸಿಯ ಬೇರಿಗೆ ಔಷಧಿ ಪೂರ್ತಿ ದಕ್ಕುತ್ತದೆ, ಮಣ್ಣಿನಲ್ಲಿ ಹಾಗಾಗದು. ಇನ್ನೊಂದು ತೊಡಕೆಂದರೆ ಕೆಲವು ಪ್ರಯೋಗಗಳಲ್ಲಿ ಅತಿ ಕಡಿಮೆ ಪ್ರಮಾಣದ ಔಷಧಿ ಬೆಳವಣಿಗೆಯನ್ನು ಸ್ವಲ್ಪ ಹೆಚ್ಚಿಸಿದ್ದೂ ಉಂಟು. ಆದ್ದರಿಂದ ‘ಪ್ರತಿಜೈವಿಕದಿಂದ ಬೆಳೆ ನಾಶ’ ಎಂದು ಕೂಗುವುದು ವಿಜ್ಞಾನವಲ್ಲ. ನಮ್ಮ ಲೆಕ್ಕದ ಮಟ್ಟದಲ್ಲಿ ದಾಳಿಂಬೆ ಗಿಡವಾಗಲಿ, ಅದರ ನಂತರ ಬಿತ್ತಿದ ಮೆಕ್ಕೆಜೋಳವಾಗಲಿ ಕಣ್ಣಿಗೆ ಕಾಣುವಂತೆ ಸೊರಗುವ ಸಂಭವ ಕಡಿಮೆ.

ಹಾಗಾದರೆ ಚಿಂತೆ ಏಕೆ? ಕಣ್ಣಿಗೆ ಕಾಣದ್ದು ಎರಡಿದೆ. ಮೊದಲನೆಯದು ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು. ಕೂಡ್ಲಿಗಿ, ಕೊಟ್ಟೂರಿನ ಶೇಂಗಾ ಬೇರಿನ ಗಂಟುಗಳಲ್ಲಿ ಸಾರಜನಕ ಕಟ್ಟುವುದು ಬ್ಯಾಕ್ಟೀರಿಯಗಳೇ. ಅಮೋನಿಯವನ್ನು ನೈಟ್ರೇಟ್ ಮಾಡುವುದು, ರಂಜಕವನ್ನು ಕರಗಿಸುವುದು ಬ್ಯಾಕ್ಟೀರಿಯಗಳ ಕೆಲಸ. ಬೆಳೆಗಿಂತ ಇವು ಬೇಗ ಪೆಟ್ಟು ತಿನ್ನುತ್ತವೆ, ಏಕೆಂದರೆ ಔಷಧಿ ತಯಾರಾದದ್ದೇ ಬ್ಯಾಕ್ಟೀರಿಯಗಳ ವಿರುದ್ಧ. ಎರಡನೆಯದು ನಿರೋಧ. ಸಾಯದೆ ಉಳಿದ ಸೂಕ್ಷ್ಮಜೀವಿಗಳು ನಿರೋಧದ ಜೀನುಗಳನ್ನು ಒಂದರಿಂದ ಒಂದಕ್ಕೆ ಹಂಚುತ್ತವೆ. ಪೇರು ತೋಟಗಳಿಗೆ ಸ್ಟ್ರೆಪ್ಟೊಮೈಸಿನ್ ಹೊಡೆಯುತ್ತಿದ್ದ ಕ್ಯಾಲಿಫೋರ್ನಿಯದಲ್ಲಿ 1971ರಲ್ಲೇ ನಿರೋಧ ಪಡೆದ ರೋಗಕಾರಕ ಕಂಡಿತು. ಔಷಧಿ ಇದ್ದರೂ ರೋಗ ನಿಲ್ಲದ ಸ್ಥಿತಿ ಅದು. ಮನುಷ್ಯನ ಕ್ಷಯದ ಔಷಧಿಯನ್ನೇ ತೋಟಕ್ಕೆ ಬಳಸುವಾಗ ಪಣಕ್ಕಿಟ್ಟದ್ದು ತೋಟವೊಂದನ್ನೇ ಅಲ್ಲ.

ಎರೆ ಮತ್ತು ಮಸಾರಿ

ಎರೆ ಮಣ್ಣಿನಲ್ಲಿ ಪದರ ಪದರವಾದ ಜೇಡಿ ಕಣಗಳಿವೆ. ಧನ ವಿದ್ಯುದಂಶವುಳ್ಳ ಸ್ಟ್ರೆಪ್ಟೊಮೈಸಿನ್ ಇವುಗಳಿಗೆ ಬಿಗಿಯಾಗಿ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆಂದು 1950ರ ದಶಕದಲ್ಲೇ ತಿಳಿದಿತ್ತು. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಬೆಸೆದುಕೊಂಡು ಜೇಡಿಯಲ್ಲಿ ನಿಲ್ಲುತ್ತದೆ. ಗಿಡಕ್ಕೆ ದಕ್ಕುವುದು ಕಡಿಮೆ, ಆದರೆ ಉಳಿಯುವ ಕಾಲ ಹೆಚ್ಚು. ಮಸಾರಿಯಲ್ಲಿ ಜೇಡಿ ಕಡಿಮೆ, ಸಾವಯವ ಅಂಶವೂ ಕಡಿಮೆ. ಅಲ್ಲಿ ಔಷಧಿ ಬೇರಿಗೆ ಸುಲಭವಾಗಿ ಸಿಗುತ್ತದೆ, ಸಲ್ಫ ಔಷಧಿಗಳಾದರೆ ನೀರಿನೊಂದಿಗೆ ಕೆಳಗಿಳಿಯುತ್ತವೆ. ಬ್ಯಾಚೆಲ್ಡರ್ ಅವರ ಎರಡು ಮಣ್ಣುಗಳ ಫಲಿತಾಂಶವನ್ನು ನಮ್ಮ ಎರೆ ಮಸಾರಿಗಳಿಗೆ ಹೊಂದಿಸಿ ನೋಡಬಹುದು. ದಾಳಿಂಬೆಗೆ ರೈತರು ಆರಿಸುವುದು ನೀರು ಬಸಿಯುವ ಹಗುರ ಮಣ್ಣನ್ನೇ ಎಂಬುದನ್ನೂ ಮರೆಯಬಾರದು. ಹೀಗಿರುವಾಗ ಎಲ್ಲ ಮಣ್ಣಿಗೂ ಒಂದೇ ಸಲಹೆ ಮುದ್ರಿಸುವುದು ಎಷ್ಟು ಸರಿ?

ಗೊಬ್ಬರದ ದಾರಿ

ಹೊಸಪೇಟೆ ಭಾಗ ಮೊಟ್ಟೆ ಉತ್ಪಾದನೆಗೆ ಹೆಸರಾದದ್ದು. ಕೋಳಿಗೊಬ್ಬರ ಅಲ್ಲಿಂದ ಸುತ್ತಲಿನ ತೋಟಗಳಿಗೆ ಹೋಗುತ್ತದೆ. ಹಿಂದೆ ಈ ಸೀಮೆಯಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಪಡೆಯುವುದು ರೂಢಿ, ಅದು ಇಂದಿಗೂ ಇದೆ. ಬಯಲಲ್ಲಿ ಮೇಯುವ ಕುರಿಗೂ ಮೇವಿನ ಜೊತೆ ಔಷಧಿ ತಿಂದು ಬೆಳೆಯುವ ಕೋಳಿಗೂ ವ್ಯತ್ಯಾಸವಿದೆ. 2017ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಉತ್ತರದ ನಾಲ್ಕು ರಾಜ್ಯಗಳ 12 ಕೋಳಿ ಫಾರಂಗಳನ್ನು ಪರೀಕ್ಷಿಸಿದಾಗ ಕೋಳಿಗೊಬ್ಬರದಲ್ಲೂ ಅದನ್ನು ಹಾಕಿದ ಹೊಲದ ಮಣ್ಣಿನಲ್ಲೂ ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಗಳು ಸಿಕ್ಕವು.

ಈ ವಿಚಾರದಲ್ಲಿ ನಮ್ಮ ನಿಯಮಗಳು ಮೌನವಾಗಿವೆ. ಮಾಂಸ, ಹಾಲು, ಮೊಟ್ಟೆ, ಮೀನುಗಳಲ್ಲಿ ಎಷ್ಟು ಪ್ರತಿಜೈವಿಕ ಇರಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಕೊಲಿಸ್ಟಿನ್ ಔಷಧಿಯನ್ನು ಪಶುಸಾಕಣೆಯಲ್ಲಿ ಬಳಸುವುದನ್ನು 2019ರ ಜುಲೈನಲ್ಲಿ ನಿಷೇಧಿಸಲಾಯಿತು. ಆದರೆ ರಸಗೊಬ್ಬರ ನಿಯಂತ್ರಣ ಆದೇಶದ ಸಾವಯವ ಗೊಬ್ಬರದ ಗುಣಮಟ್ಟದಲ್ಲಿ ತೇವಾಂಶ, ಪೋಷಕಾಂಶ, ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳಿಗೆ ಕಲಂಗಳಿವೆ, ಪ್ರತಿಜೈವಿಕಕ್ಕೆ ಇಲ್ಲ. ‘ಸಾವಯವ’ ಎಂಬ ಮಾತನ್ನು ನಂಬಿ ಹಣ ಕೊಟ್ಟು ಗೊಬ್ಬರ ತರುವ ರೈತನಿಗೆ ಇದನ್ನು ತಿಳಿಯುವ ದಾರಿಯೇ ಇಲ್ಲ.

ಪರಿಹಾರ ಭಾಗಶಃ ಕೈಯಲ್ಲೇ ಇದೆ. 2008ರ ಮಿನ್ನೆಸೋಟದ ಅಧ್ಯಯನದಲ್ಲಿ ಟರ್ಕಿ ಕೋಳಿಯ ಗೊಬ್ಬರವನ್ನು ಕೆಲವು ವಾರ ಕಾಂಪೋಸ್ಟ್ ಮಾಡಿದಾಗ ಕ್ಲೋರ್‌ಟೆಟ್ರಾಸೈಕ್ಲಿನ್ ಶೇಕಡ 99ಕ್ಕೂ ಹೆಚ್ಚು ಕಡಿಮೆಯಾಯಿತು, ಟೈಲೋಸಿನ್ ಮತ್ತು ಮೊನೆನ್ಸಿನ್ ಅರ್ಧಕ್ಕಿಂತ ಹೆಚ್ಚು ಇಳಿದವು, ಸಲ್ಫಮೆಥಜಿನ್ ಮಾತ್ರ ಇಳಿಯಲಿಲ್ಲ. ಹಸಿ ಕೋಳಿಗೊಬ್ಬರ ಹಾಕಬಾರದೆಂದು ಹಿರಿಯರು ಹೇಳುವುದು ಬೇರು ಸುಡುತ್ತದೆಂಬ ಕಾರಣಕ್ಕೆ. ಈಗ ಇನ್ನೊಂದು ಕಾರಣ ಸೇರಿತು. ಆದರೆ ಕಾಂಪೋಸ್ಟ್ ಎಲ್ಲ ಔಷಧಿಗೂ ಮದ್ದಲ್ಲ ಎಂಬುದನ್ನೂ ಹೇಳಬೇಕು.

2021ರ ಕರಡು ಆದೇಶ

2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಕರಡು ಆದೇಶ ಪ್ರಕಟಿಸಿತು. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಮಿಶ್ರಣದ ಆಮದು ಮತ್ತು ತಯಾರಿಕೆ 2022ರ ಫೆಬ್ರವರಿ 1ರಿಂದ ನಿಲ್ಲಬೇಕು, ಕೃಷಿಯಲ್ಲಿ ಬಳಕೆ 2024ರ ಜನವರಿ 1ರಿಂದ ಪೂರ್ತಿ ನಿಲ್ಲಬೇಕು ಎಂಬುದು ಅದರ ಸಾರ. ದಿಕ್ಕು ಸರಿಯಾದದ್ದು. ಅಮೆರಿಕದಲ್ಲಿ ಕಿತ್ತಳೆ ಜಾತಿಗೆ ಸ್ಟ್ರೆಪ್ಟೊಮೈಸಿನ್ ಸಿಂಪಡಿಸಲು 2021ರಲ್ಲಿ ಕೊಟ್ಟ ಒಪ್ಪಿಗೆಯನ್ನು ಅಲ್ಲಿನ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ರದ್ದುಮಾಡಿದ್ದನ್ನು ನೋಡಿದರೆ ನಮ್ಮ ಕರಡು ಆ ದೇಶಕ್ಕಿಂತ ಮುಂದಿತ್ತು ಎನ್ನಬಹುದು.

ಕರಡಿನ ಕೊರತೆಗಳು ಮೂರು. ಅದು ಹೆಸರಿಸಿದ್ದು ಈ ಒಂದು ಮಿಶ್ರಣವನ್ನು, ಗೊಬ್ಬರದ ದಾರಿಯನ್ನು ಮುಟ್ಟಲಿಲ್ಲ. ಇಷ್ಟು ವರ್ಷ ಹೊಡೆದ ತೋಟಗಳ ಮಣ್ಣನ್ನು ಪರೀಕ್ಷಿಸುವ ಮಾತು ಅದರಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಬೆಳಿಗ್ಗೆ ಎಲೆಯ ಮೇಲೆ ಎಣ್ಣೆ ಚುಕ್ಕೆ ಕಂಡ ರೈತ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ನಿಷೇಧದ ದಿನಾಂಕ ಕೊಡುವುದು ಸುಲಭ. ಬದಲಿ ದಾರಿ ಕೊಡದ ನಿಷೇಧ ಹೆಸರಿಲ್ಲದ ಪೊಟ್ಟಣಗಳಿಗೆ ಬಾಗಿಲು ತೆರೆಯುತ್ತದೆ.

ಬದಲಿ ದಾರಿಗಳು ಇಲ್ಲವೆಂದಲ್ಲ. ರೋಗವಿಲ್ಲದ ತೋಟದಿಂದ ಅಥವಾ ಅಂಗಾಂಶ ಕೃಷಿಯಿಂದ ಬಂದ ಸಸಿ ನೆಡುವುದು, ಮುಂಗಾರಿನ ಹೂ ಬಿಡಿಸುವ ಬದಲು ಸೆಪ್ಟೆಂಬರ್ ಅಕ್ಟೋಬರ್‌ನ ಹಸ್ತ ಬಹಾರ್ ಹಿಡಿಯುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುದ್ಧಿ ಮಾಡುವುದು, ಉದುರಿದ ಎಲೆ ಕಾಯಿ ಆರಿಸಿ ಸುಡುವುದು, ಮಿತವಾಗಿ ಬೋರ್ಡೊ ದ್ರಾವಣ. ತಾಮ್ರವೂ ಮಣ್ಣಿನಲ್ಲಿ ಶೇಖರವಾಗುತ್ತದೆ, ಆದ್ದರಿಂದ ‘ಮಿತ’ ಎಂಬ ಮಾತಿಗೆ ಅರ್ಥವಿದೆ. ಇವೆಲ್ಲ ಸಲಹಾ ಪತ್ರಿಕೆಗಳಲ್ಲಿ ಮೊದಲಿನಿಂದಲೂ ಇವೆ, ಆದರೆ ಔಷಧಿಯ ಸೂತ್ರದ ಕೆಳಗೆ, ಕೊನೆಯ ಸಾಲುಗಳಲ್ಲಿ. ಅವುಗಳನ್ನು ಮೇಲಕ್ಕೆ ತರುವುದೇ ಮೊದಲ ಸುಧಾರಣೆ.

ಎರಡನೆಯದು ಮಣ್ಣಿನ ಪರೀಕ್ಷೆ. ರೈತನ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಇವೆ. ಪ್ರತಿಯೊಬ್ಬರ ಚೀಟಿಯಲ್ಲೂ ಪ್ರತಿಜೈವಿಕದ ಅಂಕಿ ಬರಲೆಂದು ಯಾರೂ ಕೇಳುತ್ತಿಲ್ಲ. ಅದರ ಪರೀಕ್ಷೆಗೆ ಬೇಕಾದ ಉಪಕರಣ ದುಬಾರಿ. ಆದರೆ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳು ಹಡಗಲಿ, ಕೂಡ್ಲಿಗಿಯಂಥ ತಾಲ್ಲೂಕುಗಳಲ್ಲಿ ಎರೆಯ ಹತ್ತು ತೋಟ, ಮಸಾರಿಯ ಹತ್ತು ತೋಟ ಆರಿಸಿ, ದಾಳಿಂಬೆ ಕಿತ್ತ ಮೇಲೆ ಐದು ವರ್ಷ ಅಳೆಯುತ್ತ ಹೋದರೆ, ಶೇಂಗಾದ ಬೇರುಗಂಟುಗಳನ್ನು ಅದೇ ಹೊಲಗಳಲ್ಲಿ ಎಣಿಸಿದರೆ, ಊಹೆಗೆ ಬಿಟ್ಟ ಪ್ರಶ್ನೆಗಳಿಗೆ ನಮ್ಮ ಮಣ್ಣಿನದೇ ಉತ್ತರ ಸಿಗುತ್ತದೆ. ಜರ್ಮನಿ, ಮಿನ್ನೆಸೋಟಗಳ ಅಂಕಿಗಳನ್ನು ಹಿಡಿದು ತುಂಗಭದ್ರೆಯ ದಂಡೆಯ ಹೊಲಕ್ಕೆ ತೀರ್ಪು ಕೊಡುವ ಅಗತ್ಯ ಆಗ ಇರುವುದಿಲ್ಲ.